ಪರ-ವಿರೋಧ: ಗ್ರಂಥಾಲಯ ಊರಿನೊಳಗೆ ಇಳಿಯಬೇಕಾ?

ಶಾಲೆ, ಅಂಗನವಾಡಿ, ಮಹಿಳಾ ಸಂಘ, ಸೇವಾ ಸಂಸ್ಥೆಗಳ ಜೊತೆ ಸೇರಿ ಕಾರ್ಯಕ್ರಮ ನಡೆಸುವುದು ಸಾರ್ವಜನಿಕ ಗ್ರಂಥಾಲಯದ ಕೆಲಸವೇ? ಇಬ್ಬರು ಬರೆದಿದ್ದಾರೆ.

ಪರ: ಬಾಗಿಲು ತೆಗೆದು ಕೂತರೆ ಸಾಲದು
(ಸರ್ಕಾರಿ ಪ್ರೌಢಶಾಲೆ ಶಿಕ್ಷಕಿ)

ಪರವಾಗಿ ಬರೆಯಿರಿ ಎಂದು ಕೇಳಿದಾಗ ಒಪ್ಪಿಕೊಂಡೆ. ಎಲ್ಲ ಕಾರ್ಯಕ್ರಮವೂ ಒಳ್ಳೆಯದು ಅಂತ ನಾನು ನಂಬಿಲ್ಲ. ಬ್ಯಾನರ್ ಕಟ್ಟಿ, ದೀಪ ಹಚ್ಚಿ, ಫೋಟೊ ತೆಗೆದು ವಾಟ್ಸಾಪ್ ಗ್ರೂಪಿಗೆ ಹಾಕಿದರೆ ಮುಗಿಯಿತು ಅನ್ನುವಂಥ ದಿನಾಚರಣೆಗಳನ್ನು ಶಾಲೆಯಲ್ಲಿ ಬೇಕಾದಷ್ಟು ಕಂಡಿದ್ದೇನೆ. ಆದರೆ ಬಾಗಿಲು ತೆಗೆದು ಕೂತರೆ ಸಾಕು, ಬೇಕಾದವರು ಬರುತ್ತಾರೆ ಅನ್ನುವ ಮಾತನ್ನು ಮಾತ್ರ ಒಪ್ಪಲಾರೆ. ಬೇಕಾದವರೇ ಬರುವುದಿಲ್ಲ. ಹಳ್ಳಿಯಲ್ಲಿ ಇರುವ ಯಾರನ್ನು ಕೇಳಿದರೂ ಹೇಳುತ್ತಾರೆ.

ಪಂಚಾಯಿತಿ ಗ್ರಂಥಾಲಯ ಅಂದರೆ ಬಹಳ ವರ್ಷ ಪೇಪರ್ ಓದುವ ಜಾಗ ಅಂತಲೇ ಆಗಿತ್ತು. 2019ರಲ್ಲಿ ಇವೆಲ್ಲ ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು. ರಾಜ್ಯದಲ್ಲಿ ಐದು ಸಾವಿರಕ್ಕೂ ಜಾಸ್ತಿ ಗ್ರಂಥಾಲಯಗಳು. ಮರುವರ್ಷವೇ ಕೊರೊನಾ ಬಂತು, ಶಾಲೆ ಮುಚ್ಚಿತು. ಮಕ್ಕಳ ಕೈಯಿಂದ ಪುಸ್ತಕ ಬಿಟ್ಟೇ ಹೋಯಿತು ಅನ್ನುವ ಹೊತ್ತಿಗೆ 2020ರ ನವೆಂಬರ್‌ನಲ್ಲಿ ‘ಓದುವ ಬೆಳಕು’ ಶುರುವಾಯಿತು. 6ರಿಂದ 18 ವರ್ಷದ ಮಕ್ಕಳಿಗೆ ಪಂಚಾಯಿತಿ ಗ್ರಂಥಾಲಯದಲ್ಲಿ ಉಚಿತ ಸದಸ್ಯತ್ವ. ಇದನ್ನು ಗ್ರಂಥಾಲಯದ ಮೇಲ್ವಿಚಾರಕರು ಒಬ್ಬರೇ ಮಾಡಲು ಆಗುತ್ತಿತ್ತಾ? ಯಾವ ಮನೆಯಲ್ಲಿ ಯಾವ ವಯಸ್ಸಿನ ಮಗು ಇದೆ ಅನ್ನುವುದು ನಮ್ಮ ಹಾಜರಿ ಪುಸ್ತಕದಲ್ಲಿತ್ತು. ತಾಯಂದಿರ ಪರಿಚಯ ಅಂಗನವಾಡಿ ಕಾರ್ಯಕರ್ತೆಗೆ ಇತ್ತು. ಪಂಚಾಯಿತಿ, ಶಾಲೆ, ಗ್ರಂಥಾಲಯ ಮೂರೂ ಸೇರಿದ್ದರಿಂದ ಮಕ್ಕಳ ಹೆಸರು ಸದಸ್ಯರ ಪಟ್ಟಿಗೆ ಬಂತು. ಕೈಜೋಡಿಸುವುದು ಅಂದರೆ ಇಷ್ಟೇ. ಇದರಲ್ಲಿ ಗಾಬರಿ ಪಡುವಂಥದ್ದು ಏನಿದೆ?

ಇನ್ನು ಹೆಂಗಸರ ವಿಷಯ. ನಾನು ಕೆಲಸ ಮಾಡುವ ಊರಿನ ಗ್ರಂಥಾಲಯದ ಮುಂದೆ ಒಂದು ಕಲ್ಲುಬೆಂಚು ಇದೆ. ಬೆಳಗ್ಗೆ, ಸಂಜೆ ಗಂಡಸರು ಅಲ್ಲಿ ಕೂತು ಪೇಪರ್ ನೋಡುತ್ತಾರೆ, ರಾಜಕೀಯ ಮಾತಾಡುತ್ತಾರೆ. ಯಾರೂ ಕೆಟ್ಟವರಲ್ಲ. ಆದರೂ ಆ ಬೆಂಚು ದಾಟಿ ಒಬ್ಬಳೇ ಹೆಂಗಸು ಒಳಗೆ ಹೋಗುವುದಿಲ್ಲ. ಹೋದರೆ ‘ಇವಳಿಗೇನು ಕೆಲಸ ಅಲ್ಲಿ’ ಅನ್ನುವ ನೋಟ ಬೆನ್ನಿಗೆ ಬೀಳುತ್ತದೆ. ಸಂಘದ ವಾರದ ಸಭೆಯನ್ನು ಗ್ರಂಥಾಲಯದ ಒಳಕೋಣೆಯಲ್ಲಿ ನಡೆಸಲು ಮೇಲ್ವಿಚಾರಕಿ ಒಪ್ಪಿದ ಮೇಲೆ ಹೆಂಗಸರು ಗುಂಪಾಗಿ ಬೆಂಚು ದಾಟಿದರು. ಯಾರೂ ಏನೂ ಕೇಳಲಿಲ್ಲ, ಸಭೆ ಇತ್ತಲ್ಲ!

ಕಂತಿನ ಲೆಕ್ಕ ಮುಗಿದ ಮೇಲೆ ಒಬ್ಬರು ಕಪಾಟಿನ ಹತ್ತಿರ ಹೋಗಿ ಬ್ಲೌಸ್ ಕಟಿಂಗ್ ಪುಸ್ತಕ ತೆಗೆದರು. ನಿಂತಲ್ಲೇ ಚಿತ್ರ ನೋಡುತ್ತಾ, ತೋಳಿನ ಅಳತೆ ಇದ್ದ ಪುಟದ ಮೇಲೆ ಬೆರಳಿಟ್ಟು ಅಳೆದರು. ಆಮೇಲೆ ಮೆತ್ತಗೆ, ‘ಇದನ್ನ ಮನೆಗೆ ತಗೊಂಡ್ ಹೋಗ್ಬೋದಾ ಮೇಡಂ?’ ಅಂದರು. ಅದೇ ಊರಲ್ಲಿ ಮದುವೆಯಾಗಿ ಬಂದು ಮಕ್ಕಳನ್ನು ಬೆಳೆಸಿದವರು ಅವರು. ಗ್ರಂಥಾಲಯದ ಪುಸ್ತಕ ಮನೆಗೆ ಒಯ್ಯಬಹುದು ಅನ್ನುವುದೇ ಗೊತ್ತಿರಲಿಲ್ಲ. ಗೊತ್ತಾಗುವುದಾದರೂ ಹೇಗೆ? ಯಾರೂ ಹೇಳಿರಲಿಲ್ಲ.

ಇದೇನು ಹೊಸ ಹುಚ್ಚಲ್ಲ. ಬರೋಡಾದ ಸಯ್ಯಾಜಿರಾವ್ ಮಹಾರಾಜರು 1910ರಲ್ಲಿ ಅಮೆರಿಕದಿಂದ ಗ್ರಂಥಪಾಲಕ ವಿಲಿಯಂ ಬೋರ್ಡನ್ ಅವರನ್ನು ಕರೆಸಿ ಗ್ರಂಥಾಲಯಗಳನ್ನು ಕಟ್ಟಿಸಿದಾಗ, ಪುಸ್ತಕ ತುಂಬಿದ ಪೆಟ್ಟಿಗೆಗಳು ಹಳ್ಳಿಗಳಿಗೆ ಹೋಗುತ್ತಿದ್ದವು. 1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿ ಸುತ್ತಮುತ್ತ ಎತ್ತಿನಗಾಡಿಯಲ್ಲಿ ಪುಸ್ತಕ ಹೊರಟಿತು. ನಮ್ಮ ದೇಶದಲ್ಲಿ ಗ್ರಂಥಾಲಯ ವಿಜ್ಞಾನಕ್ಕೆ ಬುನಾದಿ ಹಾಕಿದ ಎಸ್.ಆರ್. ರಂಗನಾಥನ್ ಅವರ ಐದು ಸೂತ್ರಗಳು ಬಂದದ್ದೂ ಅದೇ ವರ್ಷ. ಪ್ರತಿ ಪುಸ್ತಕಕ್ಕೂ ಒಬ್ಬ ಓದುಗ ಅನ್ನುವುದು ಅದರಲ್ಲಿ ಒಂದು. ಆ ಓದುಗನನ್ನು ಹುಡುಕಿಕೊಂಡು ಹೋಗಬೇಕಾದವರು ಯಾರು? ಪುಸ್ತಕ ತಾನೇ ನಡೆದು ಹೋಗುವುದಿಲ್ಲ.

ಕಾರ್ಯಕ್ರಮ ಜಾಸ್ತಿ ಆದರೆ ತೊಂದರೆ ಅನ್ನುವುದು ನನಗೂ ಗೊತ್ತು. ಮೇಲಿನಿಂದ ಸುತ್ತೋಲೆ ಬಂದ ಹಾಗೆಲ್ಲ ಒಂದೊಂದು ದಿನಾಚರಣೆ ಮಾಡುತ್ತಾ ಹೋದರೆ ಮೇಲ್ವಿಚಾರಕರಿಗೆ ಪುಸ್ತಕ ಮುಟ್ಟಲೂ ಪುರುಸೊತ್ತು ಸಿಗುವುದಿಲ್ಲ. ಆ ಮಾತನ್ನು ಎದುರಿನವರು ಹೇಳುತ್ತಾರೆ, ಹೇಳಲಿ. ನನ್ನ ಪ್ರಕಾರ ತಿಂಗಳಿಗೆ ಒಂದು ಸಾಕು. ಆವತ್ತು ಎಷ್ಟು ಜನ ಬಂದರು ಅಂತ ಬರೆಯುವುದರ ಜೊತೆಗೆ ಎಷ್ಟು ಪುಸ್ತಕ ಮನೆಗೆ ಹೋಯಿತು ಅಂತಲೂ ಬರೆಯಲಿ.

ವಿರೋಧ: ಮೊದಲು ಪುಸ್ತಕ ತನ್ನಿ
(ನಿವೃತ್ತ ಗ್ರಂಥಾಲಯ ಸಿಬ್ಬಂದಿ)

ತಾಲ್ಲೂಕು ಕೇಂದ್ರದ ಗ್ರಂಥಾಲಯದಲ್ಲಿ ಕೆಲಸ ಮಾಡಿ ನಿವೃತ್ತನಾದವನು ನಾನು. ಈ ಪ್ರಶ್ನೆಯಲ್ಲಿ ನನಗೆ ಎರಡು ಮನಸ್ಸಿಲ್ಲ. ಗ್ರಂಥಾಲಯದ ಕೆಲಸ ಮೂರು: ಒಳ್ಳೆಯ ಪುಸ್ತಕ ತರುವುದು, ಕೇಳಿದವರಿಗೆ ಕೊಡುವುದು, ಕೂತು ಓದಲು ಸದ್ದಿಲ್ಲದ ಜಾಗ ಒದಗಿಸುವುದು. ಈ ಮೂರನ್ನೂ ಸರಿಯಾಗಿ ಮಾಡುತ್ತಿರುವ ಗ್ರಂಥಾಲಯ ಎಷ್ಟಿವೆ ಹೇಳಿ? ಇವೇ ಆಗದಿರುವಾಗ ನಾಲ್ಕನೆಯ ಕೆಲಸ ಏಕೆ?

ದುಡ್ಡಿಲ್ಲ, ಅದಕ್ಕೇ ಸಂಘಸಂಸ್ಥೆಗಳ ನೆರವು ಬೇಕು ಅನ್ನುತ್ತಾರೆ. ದುಡ್ಡು ಇದೆ. ನಿಮ್ಮ ಮನೆ ಕಂದಾಯದ ರಸೀದಿ ತೆಗೆದು ನೋಡಿ. ಆರೋಗ್ಯ ಕರ, ಭಿಕ್ಷುಕರ ಕರದ ಜೊತೆ ಗ್ರಂಥಾಲಯ ಕರ ಅಂತ ಒಂದು ಸಾಲು ಇರುತ್ತದೆ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಅದು. ನೂರು ರೂಪಾಯಿ ಕಂದಾಯಕ್ಕೆ ಆರು ರೂಪಾಯಿ. ಜನ ಕಟ್ಟುತ್ತಲೇ ಇದ್ದಾರೆ. ವಸೂಲು ಮಾಡಿದ ಸ್ಥಳೀಯ ಸಂಸ್ಥೆಗಳು ಅದನ್ನು ಗ್ರಂಥಾಲಯಕ್ಕೆ ದಾಟಿಸುವುದಿಲ್ಲ. ಬೆಂಗಳೂರು ಪಾಲಿಕೆಯೊಂದೇ ನೂರಾರು ಕೋಟಿ ಬಾಕಿ ಉಳಿಸಿಕೊಂಡದ್ದು ಎಷ್ಟು ಸಲ ಪೇಪರಿನಲ್ಲಿ ಬಂದಿಲ್ಲ! ಜನ ಓದಲಿ ಅಂತ ಕೊಟ್ಟ ದುಡ್ಡು ಅದು. ಅದನ್ನು ಕೇಳುವ ಧೈರ್ಯ ಇಲ್ಲದೆ, ಯಾವುದೋ ಕಂಪನಿಯ ಬಾಗಿಲಲ್ಲಿ ಕೈಚಾಚಿ ನಿಲ್ಲುವುದನ್ನು ಸಹಭಾಗಿತ್ವ ಅಂತ ಕರೆಯುತ್ತಾರೆ.

ಪ್ರಕಾಶಕರನ್ನು ಕೇಳಿ. ಕನ್ನಡ ಪುಸ್ತಕೋದ್ಯಮ ಉಸಿರಾಡುತ್ತಿರುವುದೇ ಗ್ರಂಥಾಲಯ ಇಲಾಖೆಯ ಸಗಟು ಖರೀದಿಯಿಂದ. ಆಯ್ಕೆಯಾದ ಪುಸ್ತಕದ ಮುನ್ನೂರು ಪ್ರತಿ ಇಲಾಖೆ ಕೊಳ್ಳುತ್ತದೆ ಅನ್ನುವ ಭರವಸೆಯ ಮೇಲೆ ಕವನ ಸಂಕಲನವೂ ಅಚ್ಚಾಗುತ್ತದೆ, ಸಂಶೋಧನೆಯೂ ಅಚ್ಚಾಗುತ್ತದೆ. ಆ ಖರೀದಿ ತಡವಾದರೆ, ಬಿಲ್ ಪಾವತಿ ನಿಂತರೆ, ಓದುಗನಿಗೆ ಹೊಸ ಪುಸ್ತಕ ಇಲ್ಲ, ಲೇಖಕನಿಗೆ ದುಡ್ಡಿಲ್ಲ, ಪ್ರಕಾಶಕನಿಗೂ ಇಲ್ಲ. ಗ್ರಂಥಾಲಯದ ಸಂಕಟ ಇರುವುದು ಇಲ್ಲಿ. ರಂಗೋಲಿ ಸ್ಪರ್ಧೆ ಮಾಡಿದರೆ ಇದು ಬಗೆಹರಿಯುತ್ತದಾ?

ನಾನು ಕೆಲಸದಲ್ಲಿದ್ದಾಗ ನಡೆದದ್ದು ಹೇಳುತ್ತೇನೆ. ಒಂದು ಸೇವಾ ಸಂಸ್ಥೆಯ ಜೊತೆ ಸೇರಿ ಪುಸ್ತಕ ದಾನದ ಕಾರ್ಯಕ್ರಮ ಮಾಡಬೇಕು ಅಂತ ಹೇಳಿಕಳಿಸಿದರು. ಗ್ರಂಥಾಲಯದ ಮುಂದೆ ಶಾಮಿಯಾನ ಬಂತು, ಮೈಕ್‌ಸೆಟ್ ಬಂತು. ಅತಿಥಿಗಳಿಗೆ ಬೇಕು ಅಂತ ಓದುವ ಕೋಣೆಯ ಕುರ್ಚಿಗಳನ್ನೆಲ್ಲ ಹೊರಗೆ ಸಾಗಿಸಿದರು. ಸ್ಪರ್ಧಾತ್ಮಕ ಪರೀಕ್ಷೆಗೆ ಓದಲು ದಿನಾ ಬರುತ್ತಿದ್ದ ಹುಡುಗ ಹುಡುಗಿಯರು ಬಾಗಿಲವರೆಗೆ ಬಂದು, ಮೈಕಿನಲ್ಲಿ ಹಾಡು ಕೇಳಿ, ಬ್ಯಾಗ್ ಹೆಗಲಿಗೇರಿಸಿಕೊಂಡು ವಾಪಸ್ ಹೋದರು. ಅವರಿಗೆ ಮನೆಯಲ್ಲಿ ಓದಲು ಒಂದು ಮೂಲೆಯೂ ಇರಲಿಲ್ಲ, ಅದಕ್ಕೇ ಇಲ್ಲಿಗೆ ಬರುತ್ತಿದ್ದರು. ಓದುಗನ ಸಮಯ ಉಳಿಸಿ ಅನ್ನುವುದು ರಂಗನಾಥನ್ ಅವರ ನಾಲ್ಕನೇ ಸೂತ್ರ. ಆವತ್ತು ಓದುಗನ ಇಡೀ ದಿನವನ್ನೇ ನಾವು ಕಿತ್ತುಕೊಂಡೆವು.

ಭಾಷಣ, ಹಾರ, ಶಾಲು, ನೆನಪಿನ ಕಾಣಿಕೆ ಎಲ್ಲ ಆಯಿತು. ಸಂಜೆ ಹೊತ್ತಿಗೆ ನನ್ನ ಮೇಜಿನ ಪಕ್ಕ ಗೋಣಿಚೀಲಗಳು ಉಳಿದವು. ಮರುದಿನ ಬಿಚ್ಚಿದೆ. ಹಳೆಯ ಪಠ್ಯಕ್ರಮದ ಎಸ್ಸೆಸ್ಸೆಲ್ಸಿ ಗೈಡುಗಳು. ಬ್ಯಾಂಕು, ಔಷಧ ಕಂಪನಿಗಳು ಹಂಚಿದ ಡೈರಿಗಳು. ವಿಂಡೋಸ್ 98 ಕಲಿಯುವ ಪುಸ್ತಕ. ಮೊದಲ ಪುಟದಲ್ಲಿ ವಧೂವರರ ಹೆಸರು ಬರೆದು ಉಡುಗೊರೆ ಕೊಟ್ಟ, ಯಾರೂ ತೆರೆಯದ ಪುಸ್ತಕಗಳು. ತಳದಲ್ಲಿದ್ದ ಕಟ್ಟನ್ನು ಎತ್ತಿದರೆ ಕೈಯಲ್ಲಿ ಉಳಿದದ್ದು ರಟ್ಟು ಮಾತ್ರ, ಒಳಗೆಲ್ಲ ಗೆದ್ದಲು ಮಣ್ಣು ಮಾಡಿತ್ತು. ಹೊಸ ಗೆದ್ದಲನ್ನು ನಾವೇ ಹಾರ ಹಾಕಿ ಬರಮಾಡಿಕೊಂಡ ಹಾಗಾಯಿತು.

ಬೇಡದ್ದನ್ನು ಎಸೆದರಾಯಿತಲ್ಲ ಅನ್ನಬಹುದು. ಗ್ರಂಥಾಲಯದಲ್ಲಿ ಕೆಲಸ ಮಾಡಿದವರಿಗೆ ಗೊತ್ತು ಅದರ ಕಷ್ಟ. ಪುಸ್ತಕ ದಾಸ್ತಾನು ರಿಜಿಸ್ಟರಿಗೆ ಏರಿತು ಅಂದರೆ ಅದು ಸರ್ಕಾರದ ಸ್ವತ್ತು. ನಂಬರ್ ಹಾಕಬೇಕು, ಮೊಹರು ಒತ್ತಬೇಕು, ವರ್ಗೀಕರಣ ಮಾಡಬೇಕು. ದಾಸ್ತಾನು ಪರಿಶೀಲನೆಗೆ ಬಂದಾಗ ಒಂದೊಂದನ್ನೂ ತೋರಿಸಬೇಕು, ಇಲ್ಲದಿದ್ದರೆ ಉತ್ತರ ಕೊಡಬೇಕಾದವರು ನಾವು. ದಾನಿಗಳ ಪಟ್ಟಿ ಆಗಲೇ ಮೇಲಕ್ಕೆ ಹೋಗಿದ್ದರಿಂದ ಬೇಡ ಅಂತ ವಾಪಸ್ ಕಳಿಸುವ ಹಾಗೂ ಇರಲಿಲ್ಲ. ಆ ಡೈರಿಗಳನ್ನು ಬೇರೆ ಮಾಡುತ್ತಾ, ಗೈಡುಗಳಿಗೆ ಕಪಾಟಿನಲ್ಲಿ ಜಾಗ ಮಾಡುತ್ತಾ ಕೂತಿದ್ದೆ. ಆಗ ಪಿಡಿಒ ಪರೀಕ್ಷೆಗೆ ಓದುತ್ತಿದ್ದ ಹುಡುಗಿಯೊಬ್ಬಳು ಬಂದು, ‘ಸರ್, ಪಂಚಾಯತ್ ರಾಜ್ ಬಗ್ಗೆ ಹೊಸ ಪುಸ್ತಕ ಬಂದಿದೆಯಾ?’ ಅಂದಳು. ಇಷ್ಟು ಚೀಲ ಬಂದಿದೆ, ಅವಳಿಗೆ ಬೇಕಾದ್ದು ಒಂದೂ ಇಲ್ಲ. ‘ಇಲ್ಲಮ್ಮ’ ಅಂದೆ. ಶಾಮಿಯಾನದ ಬಾಡಿಗೆ, ಶಾಲು, ಕಾಣಿಕೆಗಳ ದುಡ್ಡಲ್ಲಿ ಅಂಥ ಪುಸ್ತಕ ಎಷ್ಟು ಬರುತ್ತಿತ್ತು! ನನಗೆ ಇವತ್ತಿಗೂ ಸಿಟ್ಟು ಇಳಿದಿಲ್ಲ.

ಇನ್ನೊಮ್ಮೆ ಒಂದು ಕಂಪನಿಯವರು ದೊಡ್ಡ ಟಿವಿ ಕೊಟ್ಟರು. ಗೋಡೆಗೆ ಹಾಕಿ ಫೋಟೊ ತೆಗೆಸಿಕೊಂಡು ಹೋದರು. ಕೆಟ್ಟಾಗ ಫೋನ್ ಮಾಡಿದರೆ, ಆ ಯೋಜನೆ ಮುಗಿಯಿತು ಅಂದರು. ರಿಪೇರಿಗೆ ನಮ್ಮಲ್ಲಿ ದುಡ್ಡಿಲ್ಲ. ಅದೂ ದಾಸ್ತಾನಿನಲ್ಲಿ ಒಂದು ನಂಬರ್ ಆಗಿ ಕೂತಿತು.

ಹೆಂಗಸರು ಬರುತ್ತಾರೆ, ಸಂಘದ ಸಭೆ ಮಾಡಿಸಿ ಅನ್ನುವ ವಾದ ಕೇಳಿದ್ದೇನೆ. ಸಭೆಗೆ ಬಂದವರು ಸಭೆಗೆ ಬಂದವರು. ಸಾಲದ ಕಂತು ಎಣಿಸಲು ಸಮುದಾಯ ಭವನ ಇದೆ, ಶಾಲೆ ಕಟ್ಟಡ ಇದೆ. ಓದುವ ಕೋಣೆಯಲ್ಲಿ ಇವತ್ತು ಸಂಘದ ಸಭೆ, ನಾಳೆ ಆಧಾರ್ ತಿದ್ದುಪಡಿ, ನಾಡಿದ್ದು ಲಸಿಕೆ ಅಂತ ಶುರುವಾದರೆ ಓದುವವರು ಎಲ್ಲಿಗೆ ಹೋಗಬೇಕು? ಬರೋಡಾದ ಪೆಟ್ಟಿಗೆ, ಮನ್ನಾರ್‌ಗುಡಿಯ ಎತ್ತಿನಗಾಡಿ ಅಂತ ಉದಾಹರಣೆ ಕೊಡುವವರೂ ಇದ್ದಾರೆ. ಆ ಪೆಟ್ಟಿಗೆಯಲ್ಲಿ, ಆ ಗಾಡಿಯಲ್ಲಿ ಹೋದದ್ದು ಪುಸ್ತಕ ಸ್ವಾಮಿ, ಬ್ಯಾನರ್ ಅಲ್ಲ. ಇವತ್ತು ಒಂದು ಗಾಡಿ ತುಂಬ ಹೊಸ ಪುಸ್ತಕ ಕೊಡಿ, ಈ ವಯಸ್ಸಿನಲ್ಲೂ ನಾನೇ ಹಳ್ಳಿಗೆ ಒಯ್ಯುತ್ತೇನೆ.

ಎರಡೂ ಮಾಡಬಹುದಲ್ಲ ಅಂತ ಮೆತ್ತಗೆ ಮಾತಾಡುವವರಿಗೆ ಒಂದು ಮಾತು. ಪಂಚಾಯಿತಿ ಗ್ರಂಥಾಲಯಕ್ಕೆ ‘ಅರಿವು ಕೇಂದ್ರ’ ಅಂತ ಹೆಸರು ಬದಲಾಯಿತು, ಗೋಡೆಗೆ ಬಣ್ಣವೂ ಬಂತು. ಒಳಗೆ ಕೂತಿರುವವರು ಮಾತ್ರ ಅದೇ ಒಬ್ಬ ಮೇಲ್ವಿಚಾರಕರು. ಬೀಗ ತೆಗೆಯುವುದು, ಕಸ ಗುಡಿಸುವುದು, ಪುಸ್ತಕ ಕೊಡುವುದು, ವಾಪಸ್ ಬರೆದುಕೊಳ್ಳುವುದು, ಆನ್‌ಲೈನ್‌ನಲ್ಲಿ ವರದಿ ಹಾಕುವುದು ಎಲ್ಲ ಅವರೇ. ಅವರು ಮೀಟಿಂಗಿಗೆ ಅಂತ ತಾಲ್ಲೂಕಿಗೆ ಹೋದರೆ ಗ್ರಂಥಾಲಯಕ್ಕೆ ಬೀಗ. ಅವರನ್ನು ಮನೆಮನೆಗೆ ಕಳಿಸಿ ಓದುಗರನ್ನು ಕರೆತನ್ನಿ ಅನ್ನುತ್ತೀರಿ. ಕರೆತಂದವರಿಗೆ ಬಾಗಿಲು ತೆಗೆಯಲು ಯಾರಿದ್ದಾರೆ? ಇನ್ನೊಬ್ಬರನ್ನು ನೇಮಕ ಮಾಡಿ, ಆಮೇಲೆ ನನ್ನ ಹತ್ತಿರ ಕಾರ್ಯಕ್ರಮದ ಮಾತಾಡಿ.