ಫರ್ಮ್‌ವೇರ್ ಬರೆಯುವವರಿಗೆ ಸ್ಕ್ರೂಡ್ರೈವರ್ ಅನ್ನ ಹಾಕುತ್ತಾ?

ಕ್ಯಾಮೆರಾ ಫರ್ಮ್‌ವೇರ್ (ಕ್ಯಾಮೆರಾ ಒಳಗೇ ಕೂತು ಅದನ್ನು ನಡೆಸುವ ಸಾಫ್ಟ್‌ವೇರ್) ಮೇಲೆ ಬಿಟ್ಟಿ ದುಡಿಯುವವರಿಗೆ ಎಲ್ಲರೂ ಕೊಡುವ ಸಲಹೆ ಒಂದೇ: ಡೊನೇಷನ್ ಬಟನ್ ಹಾಕಿ. ನನ್ನ ಕೇಳಿದರೆ ಬಿಡುವಿನಲ್ಲಿ ಕ್ಯಾಮೆರಾ, ಲೆನ್ಸ್ ರಿಪೇರಿ ಮಾಡುವುದೇ ವಾಸಿ. ದೇಣಿಗೆ ಕೊಟ್ಟವರಿಗೆ ತಮ್ಮ ಮಾಡೆಲ್‌ಗೆ, ತಮಗೆ ಬೇಕಾದ ಫೀಚರ್, ಮುಂದಿನ ಮದುವೆ ಸೀಸನ್ನಿನೊಳಗೆ ಬೇಕು. ಮೂಲ ಕೋಡ್ ಇಲ್ಲದ ಮೆಷಿನ್ನಿನ ಒಳಗನ್ನು ತಡಕಾಡುವ ಕೆಲಸದಲ್ಲಿ ಹಾಗೆ ತಾರೀಕು ಕೊಡೋಕೆ ಆಗಲ್ಲ. ರಿಪೇರಿ ಗಿರಾಕಿ ಲೆನ್ಸ್ ಸರಿಯಾದ ಕೂಡಲೇ ದುಡ್ಡು ಕೊಟ್ಟು ಹೋಗುತ್ತಾರೆ, ಋಣ ಅಲ್ಲಿಗೆ ಮುಗೀತು.

ಕ್ಯಾನನ್ ಕ್ಯಾಮೆರಾಗಳಿಗೆ ಹೊಸ ಫೀಚರ್ ಸೇರಿಸುವ ಮ್ಯಾಜಿಕ್ ಲ್ಯಾಂಟರ್ನ್ ತಗೊಳ್ಳಿ. 2009ರಲ್ಲಿ ಟ್ರಮ್ಮೆಲ್ ಹಡ್ಸನ್ ಕ್ಯಾನನ್ 5ಡಿ ಮಾರ್ಕ್ 2ಗೆ ಅಂತ ಶುರು ಮಾಡಿದ್ದು, ಜಿಪಿಎಲ್ ಲೈಸೆನ್ಸ್, ಅಂದರೆ ಕೋಡ್ ಎಲ್ಲರಿಗೂ ಮುಕ್ತ. ಕ್ಯಾನನ್ ಫರ್ಮ್‌ವೇರನ್ನು ಅದು ಅಳಿಸುವುದಿಲ್ಲ. ಕ್ಯಾಮೆರಾದಲ್ಲಿ ಬೂಟ್‌ಫ್ಲ್ಯಾಗ್ (ಕಾರ್ಡಿನಿಂದ ಬೂಟ್ ಆಗಲು ಬಿಡುವ ಸೆಟ್ಟಿಂಗ್) ಆನ್ ಆಗಿರುತ್ತೆ, ಕಾರ್ಡ್‌ನಲ್ಲಿರುವ ಆಟೋಎಕ್ಸೆಕ್ ಫೈಲ್ ಲೋಡ್ ಆಗಿ ಕ್ಯಾನನ್ ಸಾಫ್ಟ್‌ವೇರ್ ಪಕ್ಕದಲ್ಲೇ ಓಡುತ್ತೆ. ಒಳಗಿನ ಫಂಕ್ಷನ್‌ಗಳ ವಿಳಾಸ ಪ್ರತಿ ಮಾಡೆಲ್‌ಗೂ, ಪ್ರತಿ ವರ್ಷನ್ನಿಗೂ ಬೇರೆ. 550ಡಿ ಆದರೆ 1.0.9, 600ಡಿ ಆದರೆ 1.0.2, 5ಡಿ ಮಾರ್ಕ್ 3 ಆದರೆ 1.1.3 ಇಲ್ಲವೇ 1.2.3. ಒಂದು ಅಂಕಿ ಆಚೀಚೆಯಾದರೂ ಆ ವರ್ಷನ್ನಿಗೆಂದು ಸಿದ್ಧಮಾಡಿದ ಬಿಲ್ಡ್ ಕೆಲಸಕ್ಕೆ ಬರಲ್ಲ. ಹಾಗಾಗಿ ಡೆವಲಪರ್ ಕೈಯಲ್ಲಿ ಲ್ಯಾಪ್‌ಟಾಪ್ ಒಂದಿದ್ದರೆ ಸಾಲದು, ಬಗೆಬಗೆಯ ಕ್ಯಾಮೆರಾ ಬಾಡಿಗಳು ಬೇಕು, ಕಾರ್ಡ್ ಬೇಕು, ಬ್ಯಾಟರಿ ಬೇಕು. ಖರ್ಚಿನ ಮೂಲ ಅದೇ.

ರಿಪೇರಿಯಲ್ಲಿ ಯಾವುದನ್ನು ಹಿಡಿಯಬೇಕು, ಯಾವುದನ್ನು ವಾಪಸ್ ಕಳಿಸಬೇಕು ಅನ್ನುವುದರಲ್ಲೇ ಎಲ್ಲ ಇದೆ. ಹಿಡಿಯಬೇಕಾದ್ದಕ್ಕೆ ಒಳ್ಳೆ ಉದಾಹರಣೆ ಕ್ಯಾನನ್ 24-105 ಎಫ್/4 ಎಲ್‌ನ ಮೊದಲ ಆವೃತ್ತಿ. ಮದುವೆ ಫೋಟೊಗ್ರಾಫರ್‌ಗಳ ಬ್ಯಾಗಿನಲ್ಲಿ ಇವತ್ತಿಗೂ ಇರುವ ಲೆನ್ಸ್. ಅಪರ್ಚರ್, ಅಂದರೆ ಬೆಳಕಿನ ಕಿಂಡಿ, ಪೂರ್ತಿ ತೆರೆದ ಎಫ್/4ರಲ್ಲಿ ಚೆನ್ನಾಗಿ ಹೊಡೆಯುತ್ತೆ, ಕಿಂಡಿ ಕಿರಿದು ಮಾಡಿ ಎಫ್/8ಕ್ಕೆ ಹೋದರೆ ಎರರ್ 01. ಕಾಂಟ್ಯಾಕ್ಟ್ ಒರೆಸಿ ಅನ್ನುವ ಆ ಸಂದೇಶ ಓದಿದವರೆಲ್ಲ ಮೌಂಟಿನ ಚಿನ್ನದ ಬಣ್ಣದ ಕಾಂಟ್ಯಾಕ್ಟ್ ಉಜ್ಜುತ್ತಾ ಕೂರುತ್ತಾರೆ. ನಿಜವಾದ ರೋಗ ಒಳಗೆ: ಅಪರ್ಚರ್ ಘಟಕದ ಫ್ಲೆಕ್ಸ್ ಕೇಬಲ್ (ಬಾಗುವ ತೆಳು ಪಟ್ಟಿ ಕೇಬಲ್) ಪ್ರತಿ ಸಲ ಜೂಮ್ ತಿರುಗಿಸಿದಾಗಲೂ ಮಡಚಿ ಬಿಚ್ಚಿ, ಕೊನೆಗೆ ಅದರ ತಾಮ್ರದ ಗೆರೆ ಬಿರುಕು ಬಿಡುತ್ತೆ. ಪತ್ತೆ ಹಚ್ಚುವುದು ಸುಲಭ. ಎಫ್/11 ಇಟ್ಟು, ಕಿಂಡಿಯನ್ನು ಆ ಅಳತೆಗೆ ಮುಚ್ಚಿ ತೋರಿಸುವ ಡೆಪ್ತ್ ಆಫ್ ಫೀಲ್ಡ್ ಪ್ರಿವ್ಯೂ ಬಟನ್ ಒತ್ತಿ, ಜೂಮನ್ನು ಆ ತುದಿಯಿಂದ ಈ ತುದಿಗೆ ಹತ್ತು ಜಾಗದಲ್ಲಿ ನಿಲ್ಲಿಸಿ ನೋಡಿ. ಕೆಲವು ಜಾಗದಲ್ಲಿ ಮಾತ್ರ ಕೈಕೊಟ್ಟರೆ ಅದು ಫ್ಲೆಕ್ಸೇ.

ಬಿಚ್ಚಲು ಜೆಐಎಸ್ (ಜಪಾನಿ ಮಾನಕದ) ಸ್ಕ್ರೂಡ್ರೈವರ್ ಬೇಕು. ಸಾಮಾನ್ಯ ಫಿಲಿಪ್ಸ್ ತುದಿ ಈ ಜಪಾನಿ ಸ್ಕ್ರೂಗಳಲ್ಲಿ ಪೂರ್ತಿ ಕೂರದೆ ಜಾರಿ ತಲೆ ಸವೆಸುತ್ತೆ, ಒಂದು ಸವೆದರೆ ಅರ್ಧ ದಿನ ಹಾಳು. ಮುಂದಿನ ಗಾಜಿನ ಗುಂಪು ತೆಗೆಯುವ ಮುಂಚೆ ಅದು ಕೂತಿದ್ದ ಕೋನಕ್ಕೆ ಗುರುತು ಹಾಕಿ, ಶಿಮ್ (ಎತ್ತರ ಹೊಂದಿಸುವ ತೆಳು ತಗಡು) ಇದ್ದರೆ ಯಾವ ಸ್ಕ್ರೂ ಕೆಳಗಿತ್ತು ಅಂತ ಫೋಟೊ ತೆಗೆದಿಡಿ. ಮರೆತರೆ ಎರರ್ ಹೋಗುತ್ತೆ, ಫೋಟೊದ ಒಂದು ಪಕ್ಕ ಮಂಜಾಗುತ್ತೆ. ಜೋಡಿಸಿದ ಮೇಲೆ ಗೋಡೆಗೆ ದಿನಪತ್ರಿಕೆ ಅಂಟಿಸಿ ಎಫ್/4ರಲ್ಲಿ ಹೊಡೆದು ನಾಲ್ಕೂ ಮೂಲೆ ಹೋಲಿಸಿ ನೋಡದೆ ಗಿರಾಕಿಗೆ ಫೋನ್ ಮಾಡಬೇಡಿ. ಬಿಡಿಭಾಗಕ್ಕಿಂತ ಕೈಕೆಲಸಕ್ಕೇ ಹೆಚ್ಚು ದುಡ್ಡು ಬರುವ ಕೆಲಸ ಇದು, ನಮಗೆ ಬೇಕಾದ್ದೂ ಅದೇ.

ವಾಪಸ್ ಕಳಿಸಬೇಕಾದವು: ನೀರಿಗೆ ಬಿದ್ದ ಬಾಡಿ, ಮೇನ್ ಬೋರ್ಡ್ ಶಾರ್ಟ್, ಬೇರೆ ಯಾರೋ ಅರ್ಧ ಬಿಚ್ಚಿ ಪ್ಲಾಸ್ಟಿಕ್ ಕವರಿನಲ್ಲಿ ತಂದದ್ದು. ಫಂಗಸ್ ಲೆನ್ಸಿನ ಬಗ್ಗೆ ಮಾತ್ರ ಒಂದು ಮಾತು. ಕರಾವಳಿ, ಮಲೆನಾಡಿನ ಮಳೆಗಾಲ ಕಳೆದರೆ ಇವು ಸಾಲಾಗಿ ಬರುತ್ತವೆ. ಗಾಜಿನ ಮೇಲ್ಮೈಯಲ್ಲಿರುವ ಬೂಷ್ಟು ಹೋಗುತ್ತೆ. ಅದು ಬಿಟ್ಟ ಆಮ್ಲ ಕೋಟಿಂಗ್ ತಿಂದಿದ್ದರೆ ಆ ಕಲೆ ಯಾವ ದ್ರಾವಣಕ್ಕೂ ಹೋಗಲ್ಲ. ಇದನ್ನು ಬಿಚ್ಚುವ ಮೊದಲೇ ಬರೆದು ಕೊಡಿ, ಆಮೇಲೆ ಹೇಳಿದರೆ ನೆಪ ಅನಿಸುತ್ತೆ.

550ಡಿ, 600ಡಿ ತರಹ ಪಾಪ್‌ಅಪ್ ಫ್ಲ್ಯಾಶ್ ಇರುವ ಬಾಡಿ ಬಿಚ್ಚುವಾಗ ಹುಷಾರು. ಬ್ಯಾಟರಿ ತೆಗೆದರೂ ಫ್ಲ್ಯಾಶ್ ಕೆಪಾಸಿಟರಿನಲ್ಲಿ 300 ವೋಲ್ಟ್ ದಾಟಿದ ಚಾರ್ಜ್ ಉಳಿದಿರಬಹುದು. ಸ್ಕ್ರೂಡ್ರೈವರ್ ಅಡ್ಡ ಇಟ್ಟು ಕಿಡಿ ಹಾರಿಸುವ ಶೂರರಿದ್ದಾರೆ. ಅದರಿಂದ ಬೋರ್ಡೇ ಸಾಯಬಹುದು. ತುದಿಗಳಿಗೆ ಇನ್ಸುಲೇಷನ್ ಇರುವ 1 ಕಿಲೋಓಮ್, 5 ವ್ಯಾಟ್ ರೆಸಿಸ್ಟರನ್ನು ಕೆಲವು ಸೆಕೆಂಡ್ ಹಿಡಿದು, ಮಲ್ಟಿಮೀಟರಿನಲ್ಲಿ ಸೊನ್ನೆ ಹತ್ತಿರ ಬಂದದ್ದು ನೋಡಿ ಆಮೇಲೆ ಕೈ ಹಾಕಿ.

ಫರ್ಮ್‌ವೇರ್ ಬಲ್ಲವರಿಗೆ ಮಾತ್ರ ಹೊಳೆಯುವ ಕೇಸುಗಳೂ ಇವೆ. ‘ಕ್ಯಾಮೆರಾ ಸತ್ತೇ ಹೋಗಿದೆ, ಆನ್ ಆಗ್ತಿಲ್ಲ, ಬ್ಯಾಟರಿ ಮಾತ್ರ ಇಳೀತಿದೆ’ ಅಂತ ಬರುತ್ತೆ. ಮೊದಲು ಕಾರ್ಡ್ ತೆಗೆದು ಆನ್ ಮಾಡಿ. ಬೂಟ್‌ಫ್ಲ್ಯಾಗ್ ಆನ್ ಇದೆ, ಕಾರ್ಡಿನ ಮೇಲೆ ಬೂಟ್ ಗುರುತೂ ಇದೆ, ಆದರೆ ಕಂಪ್ಯೂಟರಿನಲ್ಲಿ ಯಾರೋ ಫೈಲ್‌ಗಳನ್ನು ಡಿಲೀಟ್ ಮಾಡಿದ್ದಾರೆ. ಇಲ್ಲದ ಫೈಲ್ ಹುಡುಕುತ್ತಾ ಕ್ಯಾಮೆರಾ ಅಲ್ಲೇ ನಿಂತಿರುತ್ತೆ. ಫೈಲ್‌ಗಳನ್ನು ವಾಪಸ್ ಹಾಕಿದರೆ, ಇಲ್ಲವೇ ಬೂಟ್ ಗುರುತಿಲ್ಲದ ಕಾರ್ಡ್ ಕೊಟ್ಟರೆ ಎದ್ದು ಕೂರುತ್ತೆ. ಎರರ್ 70 ಕೂಡ ಹಾಗೇ: ಮ್ಯಾಜಿಕ್ ಲ್ಯಾಂಟರ್ನ್ ಇರುವ ಕ್ಯಾಮೆರಾದಲ್ಲಿ ಅದು ಸಾಫ್ಟ್‌ವೇರ್ ಎಡವಿದ ಸೂಚನೆಯೂ ಆಗಿರಬಹುದು, ಕಾರ್ಡಿನಲ್ಲಿ ಕ್ರ್ಯಾಶ್ ಲಾಗ್ ಇದೆಯಾ ನೋಡಿ. ಇಂಥದ್ದಕ್ಕೆ ಪರೀಕ್ಷೆಯ ಶುಲ್ಕ ಮಾತ್ರ ತಗೊಳ್ಳಿ. ಬೋರ್ಡ್ ಬದಲಾಯಿಸಿದೆ ಅಂತ ಬಿಲ್ ಹರಿಯುವವರು ಪೇಟೆಯಲ್ಲಿ ಈಗಾಗಲೇ ಸಾಕಷ್ಟಿದ್ದಾರೆ.

ಇನ್ನು ದುಡ್ಡು. ಒಂದು ಕೆಲಸಕ್ಕೆ ಕೂಲಿ 1,500 ರೂಪಾಯಿ, ತಿಂಗಳಿಗೆ 8 ಕೆಲಸ, ಪ್ರತಿಯೊಂದಕ್ಕೆ 3 ಗಂಟೆ ಅಂತ ಇಟ್ಟುಕೊಳ್ಳಿ. ಬಿಡಿಭಾಗದ ದುಡ್ಡು ಗಿರಾಕಿಯದ್ದೇ, ಅದೂ ಮುಂಗಡ. ಬಂದದ್ದು 12,000. ಒರೆಸುವ ಐಪಿಎ ಆಲ್ಕೋಹಾಲ್, ಟೇಪ್, ಕೊರಿಯರ್ ಅಂತ 1,000 ಹೋಗುತ್ತೆ. ಶೇ. 15, ಅಂದರೆ 1,800 ಮುಟ್ಟದೆ ಎತ್ತಿಡಿ. ಸರಿಮಾಡಿದ್ದು ಮತ್ತೆ ಕೆಟ್ಟು ವಾಪಸ್ ಬಂದರೆ ಅದಕ್ಕೆ. ಉಳಿದದ್ದು 9,200. ರಿಪೇರಿಯ 24 ಗಂಟೆ ಜೊತೆಗೆ ಇನ್ನೊಂದು 24 ಗಂಟೆ ಕೋಡ್‌ಗೆ ಕೊಟ್ಟರೆ ಗಂಟೆಗೆ 190ರ ಆಸುಪಾಸು ಬೀಳುತ್ತೆ. ಇದರಲ್ಲಿ ಸಂಸಾರ ನಡೆಯಲ್ಲ. ವಾರಕ್ಕೆ ಒಂದು ದಿನ ಯಾರ ಹಂಗೂ ಇಲ್ಲದೆ ಕೋಡ್ ಬರೆಯಲು ಸಾಕು, ಅಷ್ಟೇ. ಕೆಲಸ ಹದಿನಾರಕ್ಕೆ ಏರಿತು ಅಂತ ಹಿಗ್ಗಿದರೆ ಕೋಡ್ ನಿಂತೇ ಹೋಗುತ್ತೆ. ಎಂಟರ ಮೇಲೆ ಬಂದದ್ದನ್ನು ಮುಂದಿನ ತಿಂಗಳಿಗೆ ತಳ್ಳುವ ಗಟ್ಟಿತನ ಬೇಕು.

ರಿಪೇರಿಯಿಂದ ಸಿಗುವ ಇನ್ನೊಂದು ಲಾಭ ರೂಪಾಯಿ ಲೆಕ್ಕಕ್ಕೆ ಬರಲ್ಲ. ಶಟರ್ ಹೋಗಿ ಎರರ್ 20 ಬರುವ ಹಳೆ ಬಾಡಿಗೆ ಹೊಸ ಶಟರ್ ಹಾಕಿಸುವುದು ಎಷ್ಟೋ ಜನಕ್ಕೆ ದುಬಾರಿ, ಬಿಟ್ಟೇ ಹೋಗುತ್ತಾರೆ. ಫೋಟೊಗೆ ಅದು ಸತ್ತದ್ದು, ಡೆವಲಪರ್‌ಗೆ ಬಂಗಾರ. ಬೂಟ್ ಆಗುತ್ತೆ, ಮೆನು ತೆರೆಯುತ್ತೆ, ರೋಮ್ (ROM) ಡಂಪ್, ಅಂದರೆ ಒಳಗಿನ ಫರ್ಮ್‌ವೇರಿನ ನಕಲು, ತೆಗೆಯಬಹುದು, ಆ ಡಂಪನ್ನು ಕಂಪ್ಯೂಟರಿನಲ್ಲೇ ಕ್ಯಾಮೆರಾವನ್ನು ಅನುಕರಿಸುವ ಕ್ಯುಇಎಂಯು ಎಮ್ಯುಲೇಟರಿನಲ್ಲಿ ಓಡಿಸಿ ಫಂಕ್ಷನ್‌ಗಳ ವಿಳಾಸ ಹುಡುಕಬಹುದು. ಡಂಪ್‌ನಲ್ಲಿರುವುದು ಕ್ಯಾನನ್ ಸ್ವತ್ತು, ಅದನ್ನು ಊರಿಗೆಲ್ಲ ಹಂಚಬಾರದು. ಬೋರ್ಡಿನ ಯುಆರ್ಟ್ ಪ್ಯಾಡ್‌ಗೆ (ಕಂಪ್ಯೂಟರಿನ ಜೊತೆ ಮಾತಾಡಲು ಇರುವ ಸೀರಿಯಲ್ ಸಂಪರ್ಕ) ವೈರ್ ಬೆಸೆಯುವ ಮುಂಚೆ ಅಲ್ಲಿ ಎಷ್ಟು ವೋಲ್ಟ್ ಇದೆ ಅಳೆಯಿರಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವ ಅಗ್ಗದ 5 ವೋಲ್ಟ್ ಅಡಾಪ್ಟರನ್ನು ಅಳೆಯದೆ ಚುಚ್ಚಿದರೆ ಇದ್ದೊಂದು ಬಂಗಾರವೂ ಹೋಯಿತು. ಬಿಟ್ಟುಹೋದ ಬಾಡಿ ಎಂದರೂ ‘ಇಟ್ಟುಕೊಳ್ಳಿ’ ಅಂತ ಒಂದು ಮೆಸೇಜ್ ಬರೆಸಿಕೊಂಡು, ಸೀರಿಯಲ್ ನಂಬರ್ ಸಮೇತ ಜೋಪಾನ ಮಾಡಿ.

ಗಿರಾಕಿಯ ಕ್ಯಾಮೆರಾದಲ್ಲಿ ಮಾತ್ರ ಪ್ರಯೋಗ ಬೇಡ. ‘ಹೇಗೂ ಬಿಚ್ಚಿದ್ದೀರಲ್ಲ, ರಾ ವಿಡಿಯೊ ಹಾಕಿಕೊಡಿ’ ಅಂತ, ಅಂದರೆ ಮ್ಯಾಜಿಕ್ ಲ್ಯಾಂಟರ್ನಿನಿಂದ ಕುಗ್ಗಿಸದ ವಿಡಿಯೊ ಬೇಕು ಅಂತ, ಕೇಳುವವರು ಇದ್ದೇ ಇರುತ್ತಾರೆ. 1920×1080, 14 ಬಿಟ್, 24 ಫ್ರೇಮ್ ಅಂದರೆ ಸೆಕೆಂಡಿಗೆ ಸುಮಾರು 87 ಎಂಬಿ. 550ಡಿಯ ಎಸ್‌ಡಿ ಸ್ಲಾಟ್ ಬರೆಯುವುದು 20ರ ಆಸುಪಾಸು. ಎಷ್ಟೇ ದುಬಾರಿ ಕಾರ್ಡ್ ಹಾಕಿದರೂ ಕೆಲವೇ ಸೆಕೆಂಡಿಗೆ ನಿಲ್ಲುತ್ತೆ. ಈ ಗುಣಾಕಾರವನ್ನು ಚೀಟಿಯಲ್ಲಿ ಬರೆದು ತೋರಿಸಿ, ಹಾಕಿಕೊಳ್ಳುವ ವಿಧಾನ ಬೇಕಿದ್ದರೆ ಬಿಟ್ಟಿಯಾಗಿ ಹೇಳಿಕೊಡಿ, ಕಾರ್ಡ್ ತುಂಬಿಸುವ ಕೆಲಸ ಅವರೇ ಮಾಡಲಿ. ನೀವೇ ಹಾಕಿ ಕೊಟ್ಟರೆ ಆರು ತಿಂಗಳ ನಂತರ ಕೆಟ್ಟ ಶಟರ್ ಕೂಡ ನಿಮ್ಮ ಫರ್ಮ್‌ವೇರ್ ತಲೆಗೇ ಬರುತ್ತೆ, ಆ 1,800 ಅದಕ್ಕೆ ಸಾಲಲ್ಲ.