ಯಾರು ಕೇಳಿದ್ರು ಸಾರ್ ನಿಮ್ಮನ್ನ?

ದಾವಣಗೆರೆಯಲ್ಲಿ ಕಟ್ಟಡ ನಿಯಮ ಮುರಿದು ಸಿಕ್ಕಿಬೀಳಲು ಒಂದು ಖಚಿತವಾದ ದಾರಿ ಇದೆ: ಅನುಮತಿ ಕೇಳುವುದು. ಕೇಳದೆ ಕಟ್ಟಿದರೆ ಅದು ಬರೀ ಮನೆ. ಕೇಳಿ ಕಟ್ಟಲು ಹೊರಟರೆ ಅದು ಪ್ರಕರಣ.

ನಮ್ಮ ಬೀದಿಯ ನಿವೃತ್ತ ಮೇಷ್ಟ್ರಿಗೆ ಇದು ಗೊತ್ತಿರಲಿಲ್ಲ. ಅಮೆರಿಕದಲ್ಲಿರುವ ಮಗನ ಮನೆಗೆ ಹೋದವರು ಅಲ್ಲಿನ ಹಿತ್ತಲಲ್ಲಿ ಡೆಕ್ ನೋಡಿ ಬಂದರು. ಮರದ ಹಲಗೆ ಜೋಡಿಸಿ ನೆಲದಿಂದ ಸ್ವಲ್ಪ ಎತ್ತರಕ್ಕೆ ಮಾಡಿದ ಕಟ್ಟೆ, ಅಷ್ಟೆ. ನಮ್ಮಲ್ಲೂ ಗೇಟಿಗೂ ಬಾಗಿಲಿಗೂ ನಡುವೆ ಮೊಣಕಾಲೆತ್ತರಕ್ಕೆ ಅಂಥದ್ದೊಂದು ಇದ್ದರೆ, ಸಂಜೆ ಬಿಸಿಲು ಇಳಿದ ಮೇಲೆ ಕೂತು ಮಂಡಕ್ಕಿ ಮಿರ್ಚಿ ತಿನ್ನಬಹುದು ಅಂತ ಆಸೆ ಆಯಿತು. ದಾವಣಗೆರೆಯ ಏಪ್ರಿಲ್ ಕಂಡವರು ಯಾರೂ ಇದನ್ನು ದುರಾಸೆ ಅನ್ನುವುದಿಲ್ಲ.

ಮಗ ಫೋನಿನಲ್ಲಿ ಅಲ್ಲಿನ ಕಾನೂನು ಹೇಳಿದ. ಅಲ್ಲಿನ ಮಾದರಿ ನಿಯಮದ ಪ್ರಕಾರ ಡೆಕ್ 200 ಚದರ ಅಡಿ ದಾಟಬಾರದು, ನೆಲದಿಂದ 30 ಇಂಚು ಮೀರಬಾರದು, ಮನೆಗೆ ತಾಗಿರಬಾರದು, ಮನೆಯಿಂದ ಹೊರಬರುವ ಮುಖ್ಯ ಬಾಗಿಲಿನ ದಾರಿ ಅದರ ಮೇಲೆ ಹೋಗಬಾರದು. ಇಷ್ಟಿದ್ದರೆ ಪರ್ಮಿಟ್ಟೇ ಬೇಡ. ಇದರಲ್ಲಿ ಒಂದು ತಪ್ಪಿದರೂ, ಗೋಡೆಗೆ ಬೋಲ್ಟ್ ಹಾಕಿ ಕೂರಿಸುತ್ತೀರಿ ಅನ್ನಿ, ನಕ್ಷೆ ಕೊಡಬೇಕು. ಆಗ ಇನ್‌ಸ್ಪೆಕ್ಟರ್ ಬಂದು ಬೋಲ್ಟು ನೋಡಿ, ಕಂಬದ ಬುಡ ನೋಡಿ, ಕಟಕಟೆ ಹಿಡಿದು ಅಲ್ಲಾಡಿಸಿ ಹೋಗುತ್ತಾನಂತೆ. ಊರಿಂದ ಊರಿಗೆ ಸ್ವಲ್ಪ ವ್ಯತ್ಯಾಸ ಇರುತ್ತದೆ. ಮೇಷ್ಟ್ರು ಇದನ್ನೆಲ್ಲ ನೋಟ್ ಬುಕ್ಕಿನಲ್ಲಿ ಬರೆದುಕೊಂಡು ಕಚೇರಿಗೆ ಹೋದರು. ಯಾವ ಕಚೇರಿ ಅನ್ನುವುದು ಬೇಡ ಬಿಡಿ.

ಅಲ್ಲಿ ಎದುರಾದ ಮೊದಲ ಪ್ರಶ್ನೆಯೇ ಮಾರ್ಮಿಕವಾಗಿತ್ತು. "ಯಾರು ಕೇಳಿದ್ರು ಸಾರ್ ನಿಮ್ಮನ್ನ?"

"ಯಾರೂ ಕೇಳಿಲ್ಲ. ನಾನೇ ಅನುಮತಿ ಕೇಳೋಕೆ ಬಂದೆ."

"ಅದೇ ಸಾರ್, ಯಾಕೆ?"

ಇದಕ್ಕೆ ಮೇಷ್ಟ್ರ ಹತ್ತಿರ ಉತ್ತರ ಇರಲಿಲ್ಲ. ಆದರೂ ಅರ್ಜಿ ಹಾಕಿದರು. ಖಾತೆ, ಕಂದಾಯದ ರಸೀದಿ, ಹಳೇ ಪ್ಲಾನು, ಹೊಸ ಸ್ಕೆಚ್ಚು, ಎಲ್ಲ ಸೇರಿ ಫೈಲು ಡೆಕ್ಕಿಗಿಂತ ಮೊದಲೇ ಮೊಣಕಾಲೆತ್ತರಕ್ಕೆ ಬಂತು.

ಆಮೇಲೆ ಸ್ಥಳ ಪರಿಶೀಲನೆ. ಜೀಪು ಬಂದು ಎದುರು ಮನೆಯ ರ‍್ಯಾಂಪಿನ ಮೇಲೆ ನಿಂತಿತು. ಆ ರ‍್ಯಾಂಪು ಚರಂಡಿಯನ್ನು ಪೂರ್ತಿ ಮುಚ್ಚಿ ರಸ್ತೆಗೂ ನಾಲ್ಕು ಅಡಿ ಬಂದಿದೆ. ಅದರ ಪಕ್ಕದ ಮನೆಯ ಸೆಟ್‌ಬ್ಯಾಕಿನಲ್ಲಿ ಅಂದರೆ ನಿಯಮದಂತೆ ಕಟ್ಟಡದ ಸುತ್ತ ಖಾಲಿ ಬಿಡಬೇಕಾದ ಜಾಗದಲ್ಲಿ ಒಂದು ಟೀ ಅಂಗಡಿ ಇದೆ. ಸಾಹೇಬರಿಗೆ ಅಲ್ಲಿಂದಲೇ ಟೀ ಬಂತು. ಕುಡಿದು, ಲೋಟ ಕೆಳಗಿಟ್ಟು, ಟೇಪು ಹಿಡಿದು ಮೇಷ್ಟ್ರ ಕಾಂಪೌಂಡಿನ ಒಳಗೆ ಬಂದರು.

ಡೆಕ್ ಬರುವ ಜಾಗವನ್ನು ಯಾರೂ ಅಳೆಯಲಿಲ್ಲ. ಮನೆಯನ್ನು ಅಳೆದರು. ಹಳೇ ಪ್ಲಾನಿನಲ್ಲಿ ಮೆಟ್ಟಿಲು ಒಳಗಿದೆ, ಈಗ ಹೊರಗಿದೆ. ಬಟ್ಟೆ ಒಗೆಯುವ ಕಲ್ಲಿಗೆ ಶೀಟ್ ಹಾಕಿದ್ದು ಎಡಗಡೆ ಸೆಟ್‌ಬ್ಯಾಕಿನಲ್ಲಿ ಬರುತ್ತದೆ. ತುಳಸಿ ಕಟ್ಟೆ ಯಾವ ನಕ್ಷೆಯಲ್ಲೂ ಇಲ್ಲ. "ಇರೋ ಕಟ್ಟಡಾನೇ ಪ್ಲಾನ್ ಪ್ರಕಾರ ಇಲ್ಲ ಸಾರ್. ಮೊದಲು ಅದು ಸರಿ ಆಗ್ಬೇಕು. ಆಮೇಲೆ ನಿಮ್ಮ ಹಲಗೆ ವಿಚಾರ."

ಒಂದು ಮಾತು ಹೇಳಿಬಿಡುತ್ತೇನೆ. ಸೆಟ್‌ಬ್ಯಾಕ್ ನಿಯಮ ಕೆಟ್ಟದ್ದಲ್ಲ. ಗಾಳಿ ಬೆಳಕು ಬರಬೇಕು, ಬೆಂಕಿ ಬಿದ್ದರೆ ನೀರಿನ ಪೈಪು ಹೋಗಬೇಕು. "ಸೆಟ್‌ಬ್ಯಾಕಿನಲ್ಲಿ ಡೆಕ್ ಆಗಲ್ಲ" ಅಂತ ಮೊದಲ ದಿನವೇ ಹೇಳಿದ್ದರೆ ಮೇಷ್ಟ್ರು ನಮಸ್ಕಾರ ಹೇಳಿ ಎದ್ದು ಬರುತ್ತಿದ್ದರು. ಆಗಲ್ಲ ಅಂತ ಮೊದಲೇ ನೇರವಾಗಿ ಹೇಳುವವರೇ ಇಲ್ಲ, ಅದೇ ತೊಂದರೆ.

ಸರಿ, ಇರುವ ತಪ್ಪನ್ನು ಸಕ್ರಮ ಮಾಡಿಸೋಣ ಅಂದರು ಮೇಷ್ಟ್ರು. ಅಕ್ರಮ-ಸಕ್ರಮ ಅಂತ ಒಂದು ಯೋಜನೆ ಇದೆಯಲ್ಲ. 2007ರಲ್ಲಿ ಕಾಯ್ದೆಗೆ ತಿದ್ದುಪಡಿ, 2014ರಲ್ಲಿ ನಿಯಮಾವಳಿ. ವಾಸದ ಮನೆ ಶೇಕಡಾ 50ರವರೆಗೆ ನಿಯಮ ಮೀರಿದ್ದರೂ ದಂಡ ಕಟ್ಟಿ ಸರಿಮಾಡಿಕೊಳ್ಳಬಹುದು, ಅಂಗಡಿ ಮುಂಗಟ್ಟಿಗೆ ಶೇಕಡಾ 25. ಉತ್ತರ ಪತ್ರಿಕೆ ತಿದ್ದಿದ ಮೇಷ್ಟ್ರಿಗೆ ಇದು ಬಹಳ ಉದಾರ ಅನ್ನಿಸಿತು. ಎಷ್ಟು ಸರಿ ಬರೆದಿದ್ದಾನೆ ಅಂತಲ್ಲ, ಎಷ್ಟು ತಪ್ಪು ಬರೆದರೂ ಪಾಸು ಅಂತ ಮಾರ್ಕ್ಸ್ ಹಾಕಿದ ಹಾಗೆ. ಆದರೆ 2017ರ ಜನವರಿಯಲ್ಲೇ ಸುಪ್ರೀಂ ಕೋರ್ಟು ಇದಕ್ಕೆ ತಡೆ ಹಾಕಿದೆ. ಹಾಗಾಗಿ ಮೇಷ್ಟ್ರ ಮೆಟ್ಟಿಲು ಸಕ್ರಮವೂ ಆಗದು, ಒಡೆದರೆ ಮಹಡಿಗೆ ಹೋಗುವುದೂ ಆಗದು.

ಸಕಾಲ ಇದೆಯಲ್ಲಾ ಅಂತ ನೀವು ಕೇಳಬಹುದು. ಇದೆ. ಸರ್ಕಾರಿ ಸೇವೆಯನ್ನು ಇಂತಿಷ್ಟು ದಿನದೊಳಗೆ ಕೊಡಲೇಬೇಕು ಅನ್ನುವ 2011ರ ಕಾಯ್ದೆ. ಅವಧಿ ಮೀರಿದರೆ ದಿನಕ್ಕೆ 20 ರೂಪಾಯಿ ಪರಿಹಾರ, ಗರಿಷ್ಠ 500. ಮೇಷ್ಟ್ರು ಗಣಿತದವರು, ತಕ್ಷಣ ಲೆಕ್ಕ ಹಾಕಿದರು: 25 ದಿನಕ್ಕೆ 500 ಮುಗಿಯಿತು. 26ನೇ ದಿನದಿಂದ ವಿಳಂಬ ಪುಕ್ಕಟೆ! ಆದರೆ ಅವರ ಅರ್ಜಿಗೆ ಆ ಭಾಗ್ಯವೂ ಬರಲಿಲ್ಲ. ಅವಧಿ ಮುಗಿಯುವ ಹೊತ್ತಿಗೆ ಸರಿಯಾಗಿ ತಿರಸ್ಕೃತವಾಯಿತು. ತಿರಸ್ಕಾರವೂ ವಿಲೇವಾರಿಯೇ. ಲೆಕ್ಕದಲ್ಲಿ ಮೇಷ್ಟ್ರ ಡೆಕ್ಕು ಸಕಾಲಕ್ಕೆ ಮುಗಿದ ಕೆಲಸ. ತುಳಸಿ ಕಟ್ಟೆಗೆ ಮಾತ್ರ ನೋಟಿಸ್ ಬಂದಿದೆ.

ಈ ಮಧ್ಯೆ ಎದುರು ಮನೆಯವರು ಮೂರನೇ ಮಹಡಿ ಎಬ್ಬಿಸಿದರು. ಅದಕ್ಕೆ ನಮ್ಮೂರ ಗಾರೆಯವರು ಪಂಚಾಂಗ ನೋಡುವುದಿಲ್ಲ, ಸರ್ಕಾರಿ ರಜೆ ಪಟ್ಟಿ ನೋಡುತ್ತಾರೆ. ಎರಡನೇ ಶನಿವಾರ, ಭಾನುವಾರ, ಸೋಮವಾರ ಹಬ್ಬ ಬಿದ್ದರೆ ಅದೇ ಅಮೃತ ಘಳಿಗೆ. ಶುಕ್ರವಾರ ಸಂಜೆ ಜಲ್ಲಿ ಬೀಳುತ್ತದೆ, ಮಂಗಳವಾರ ಬೆಳಿಗ್ಗೆ ಮೋಲ್ಡಿಗೆ ನೀರು ಹೊಡೆಯುತ್ತಿರುತ್ತಾರೆ. ಆ ಮಹಡಿಗೆ ಅರ್ಜಿ ಇಲ್ಲ. ಅರ್ಜಿ ಇಲ್ಲದ್ದರಿಂದ ಫೈಲ್ ಇಲ್ಲ. ಫೈಲ್ ಇಲ್ಲದ್ದರಿಂದ ಮಹಡಿಯೂ ಇಲ್ಲ.

ಸಾಮಿಲ್ ಹತ್ತಿರದ ಬಡಗಿಗೆ ಮೇಷ್ಟ್ರನ್ನು ಕಂಡು ಪಾಪ ಅನ್ನಿಸಿದೆ. "ಬಿಡ್ರಿ ಮೇಷ್ಟ್ರೆ, ಮುಂದಿನ ತಿಂಗಳು ಮೂರು ದಿನ ಸಾಲು ರಜೆ ಐತಿ. ಹಲಗೆ ಕೊಯ್ದು ಇಟ್ಕೊಂಡಿರ್ತೀನಿ, ರಜೆ ಮುಗಿಯೋದ್ರಾಗೆ ಕೂರಿಸಿ ಕೊಡ್ತೀನಿ" ಅಂದ. ಮೇಷ್ಟ್ರು ಬಹಳ ಹೊತ್ತು ಯೋಚನೆ ಮಾಡಿದರು. ಕೊನೆಗೆ ಅಡ್ವಾನ್ಸ್ ತೆಗೆದು ಕೈಯಲ್ಲಿ ಹಿಡಿದು ಕೇಳಿದರು: "ರಸೀದಿ ಕೊಡ್ತೀಯೇನಪ್ಪಾ?"