ಎರಡನೇ ಓಟದ ಪೌಡರ್

ನಮ್ ರೂಮ್‌ಮೇಟ್ ಒಬ್ಬ ಇದಾನೆ, ಹೆಸ್ರು ಬೇಡ, ಪೈಲ್ವಾನ್ ಅನ್ನೋಣ. ಜಿಮ್ ಸೇರಿ ಎರಡು ತಿಂಗ್ಳಾಯ್ತು, ಅಡುಗೆಮನೆ ಶೆಲ್ಫಲ್ಲಿ ಈಗ ಬೇಳೆ ಡಬ್ಬಿಗಿಂತ ಅವ್ನ ಡಬ್ಬಗಳೇ ಜಾಸ್ತಿ. ಕ್ರಿಯೇಟಿನ್, ಬೀಟಾ ಅಲನೈನ್, ಬಿಸಿಎಎ, ಎಲ್ಲ ಜಿಮ್‌ನೋರಿಗೆ ಅಂತ ಮಾರೋ ಪುಡಿಗಳು, ಅದ್ರ ಮೇಲೆ ಹುಲಿ ಬಾಯಿ ಬಿಟ್ಕೊಂಡಿರೋ ಚಿತ್ರದ ಪ್ರೀ-ವರ್ಕೌಟ್, ಅಂದ್ರೆ ಕಸರತ್ತಿಗೆ ಮುಂಚೆ ಕುಡಿಯೋ ಪುಡಿ ಒಂದು, ಅದ್ರಲ್ಲಿ ಏನು ಎಷ್ಟಿದೆ ಅಂತ ಕೇಳಂಗಿಲ್ಲ, ‘ಪ್ರೊಪ್ರೈಟರಿ ಬ್ಲೆಂಡ್’ ಅಂತೆ, ಅಯ್ಯಂಗಾರ್ ಮನೆ ಪುಳಿಯೋಗರೆ ಗೊಜ್ಜಿನ ಥರ ಗುಟ್ಟು.

ಇದೆಲ್ಲ ಬಿಟ್ಟು ಮುದ್ದೆ ತಿನ್ರೋ ಅನ್ನೋ ಅಜ್ಜನ ಪಾರ್ಟಿ ಅಲ್ಲ ನಾನು. ಕ್ರಿಯೇಟಿನ್ ನಿಜವಾಗ್ಲೂ ಕೆಲ್ಸ ಮಾಡುತ್ತೆ ಕಣ್ರೀ, ತಮಾಷೆ ಇರೋದೇ ಅಲ್ಲಿ. ಜೀವ ಬಿಟ್ಟು ಓಡಿದ್ರೆ ಸ್ನಾಯುವಲ್ಲಿ ತಕ್ಷಣದ ಶಕ್ತಿಗೆ ಅಂತ ಇರೋ ಫಾಸ್ಫೋಕ್ರಿಯೇಟಿನ್ 10 ಸೆಕೆಂಡ್ ಆಸುಪಾಸಲ್ಲಿ ತಳ ಕಾಣುತ್ತೆ, ಅರ್ಧ ನಿಮಿಷ ಬಿಟ್ಟು ಮತ್ತೆ ಓಡು, ಮತ್ತೆ ಓಡು ಅಂದಾಗ ದಿನಾ 3-5 ಗ್ರಾಂ ತಗೊಂಡವ್ನಿಗೆ ಸ್ಟಾಕ್ ಸ್ವಲ್ಪ ಜಾಸ್ತಿ ಇರುತ್ತೆ. 30 ಸೆಕೆಂಡಿನ ರೈಡ್ ಮಾಡಿ ಬಂದು ಮತ್ತೆ ನುಗ್ಗೋ ಕಬಡ್ಡಿಯೋರಿಗೆ ಸರಿ. ಅಂದ್ರೆ ಲಾಭ ಕಾಣೋದು ಎರಡನೇ, ಮೂರನೇ, ಆರನೇ ಓಟದಲ್ಲಿ. ನಮ್ ಪೈಲ್ವಾನ್ ಇವತ್ತಿನವರೆಗೆ ಎರಡನೇ ಓಟ ಓಡಿಲ್ಲ! ಟ್ರೆಡ್‌ಮಿಲ್ ಮೇಲೆ ಒಂದ್ಸಲ 20 ಸೆಕೆಂಡ್ ಧಡಧಡ ಅಂತಾನೆ, ಇಳೀತಾನೆ, ಕನ್ನಡಿ ಮುಂದೆ ಫೋಟೋ, ಆಮೇಲೆ ಕಾಲು ಗಂಟೆ ರೀಲ್ಸ್. ಖಾಲಿಯಾಗಿದ್ದು ನಾಲ್ಕೈದು ನಿಮಿಷದಲ್ಲಿ ತಾನಾಗೇ ತುಂಬ್ಕೊಳುತ್ತೆ ಮಾರಾಯ, ಬಿಟ್ಟಿ, ಅದಕ್ಕೆ ಪೌಡರ್ ಯಾಕೆ?

ಬೀಟಾ ಅಲನೈನ್ ಕಥೆ ಇನ್ನೂ ಚೆನ್ನ. ಕುಡಿದ ಸ್ವಲ್ಪ ಹೊತ್ತಿಗೆ ಮುಖ, ಕಿವಿ ಎಲ್ಲ ಇರುವೆ ಹರಿದಂಗೆ ಜುಮುಗುಡುತ್ತೆ. ‘ನೋಡಿ ಬ್ರೋ, ಕಿಕ್ ಇನ್ ಆಯ್ತು’ ಅಂತಾನೆ ಟ್ರೈನರ್. ಕಿಕ್ಕೂ ಇಲ್ಲ ಪಕ್ಕೂ ಇಲ್ಲ, ಅದು ಚರ್ಮದ ನರ ಕೆರಳಿದ್ದು ಅಷ್ಟೇ, ನಿಜವಾದ ಕೆಲ್ಸಕ್ಕೆ ಸ್ನಾಯುವಲ್ಲಿ ಕಾರ್ನೋಸಿನ್, ಅಂದ್ರೆ ಜೋರಾಗಿ ಓಡುವಾಗ ಏರೋ ಆಮ್ಲ ತಡ್ಕೊಳ್ಳೋ ವಸ್ತು, ಏರ್ಬೇಕು, ಅದಕ್ಕೆ ದಿನಾ ತಗೊಂಡ್ರೂ ವಾರಗಟ್ಲೆ ಬೇಕು. ಆದ್ರೆ ತುರಿಕೆ ಬಂದ್ರೆ ಕೊಟ್ಟ ದುಡ್ಡು ವಸೂಲಾದಂಗೆ ಅನ್ಸುತ್ತಲ್ಲ.

ಇನ್ನೊಂದು ಮಜಾ, ಇದೇ ಥರ ಓಟಕ್ಕೆ ಅಡುಗೆ ಸೋಡಾನೂ ಆಗುತ್ತೆ. ಹೌದು, ಗೋಳಿಬಜೆಗೆ ಹಾಕೋದೇ. ತೂಕದ ಕೆಜಿಗೆ 0.3 ಗ್ರಾಂ, 70 ಕೆಜಿ ಆಸಾಮಿಗೆ 21 ಗ್ರಾಂ. ಹೊಟ್ಟೆ ಕೆಟ್ರೆ ಓಟ ಟಾಯ್ಲೆಟ್ ಕಡೆಗೆ, ಅದು ಬೇರೆ ವಿಷ್ಯ. ಪುಡಿಗಾಸಿಗೆ ಸಿಗೋ ಸೋಡಾ ಪ್ಯಾಕೆಟ್ ಮೇಲೆ ಹುಲಿ ಚಿತ್ರ ಇಲ್ಲ ನೋಡಿ, ಯಾವ ಇನ್‌ಫ್ಲುಯೆನ್ಸರೂ ಕೂಪನ್ ಕೋಡ್ ಕೊಡಲ್ಲ.

ಡಬ್ಬ ನಂಬೋದೂ ಅಷ್ಟರಲ್ಲೇ ಇದೆ. ನಮ್ ದೇಶದಲ್ಲಿ ಮಾರೋ 36 ಪ್ರೋಟೀನ್ ಪೌಡರ್ ಟೆಸ್ಟ್ ಮಾಡಿದ್ರು, 2024ರಲ್ಲಿ ವರದಿ ಬಂತು, ಸುಮಾರು 70% ಡಬ್ಬಗಳಲ್ಲಿ ಪ್ರೋಟೀನ್ ಲೆಕ್ಕವೇ ತಪ್ಪು. ಇದನ್ನ ಹೇಳಿದ್ರೆ ಪೈಲ್ವಾನ್ ‘ನಂದು ಇಂಪೋರ್ಟೆಡ್’ ಅಂದ.

ಮೊನ್ನೆ ಬೆಳಿಗ್ಗೆ ಇಬ್ರೂ ಬಸ್ ಸ್ಟಾಪಿಗೆ ಬರೋಷ್ಟರಲ್ಲಿ ಬಸ್ ಹೊರಟೇಬಿಟ್ತು. ಓಡಿದ್ವಿ, ಸಿಗ್ಲಿಲ್ಲ. ನೋಡಿದ್ರೆ ಐವತ್ತು ಮೀಟರ್ ಮುಂದೆ ಸಿಗ್ನಲ್ಲಲ್ಲಿ ನಿಂತಿದೆ. ‘ಓಡೋ, ನೀನು ಎರಡು ತಿಂಗ್ಳಿಂದ ದುಡ್ಡು ಸುರಿದಿದ್ದು ಇದಕ್ಕೇ, ಎರಡನೇ ಸ್ಪ್ರಿಂಟು’ ಅಂತ ಕಿರುಚ್ಕೊಂಡು ನಾನು ಓಡಿ ಹತ್ಕೊಂಡೆ. ಕಿಟಕೀಲಿ ತಿರುಗಿ ನೋಡಿದ್ರೆ ಪೈಲ್ವಾನ್ ಅಲ್ಲೇ ನಿಂತು ಒಂದು ಕೈಯಲ್ಲಿ ಕಿವಿ ಕೆರ್ಕೊಳ್ತಾ ಇನ್ನೊಂದು ಕೈಯಲ್ಲಿ ಆಟೋ ಬುಕ್ ಮಾಡ್ತಿದ್ದ.